ಮೊದಲ ಅಲೆಗೆ ಮರಳಿನ ತಳವೇ ಇರಲಿ

ನಿನ್ನೆ ರಾತ್ರಿ ಅಕ್ಕನ ಮಗಳು ಬಾಲಿಯಿಂದ ವಾಪಸು ಬಂದಳು. ಎದುರಿಗೆ ಕೂತು ಬಲಗಾಲನ್ನು ನನ್ನ ಮಡಿಲಿಗೆ ಚಾಚಿದಳು. ಪಾದದ ಅಂಚಿನುದ್ದಕ್ಕೂ ಹವಳ ಕೊರೆದ ಗೀರುಗಳು, ಕೆಂಪಗೆ ಊದಿಕೊಂಡಿವೆ. ಹಿಮ್ಮಡಿ ಹತ್ತಿರ ಏಳೆಂಟು ಕಪ್ಪು ಚುಕ್ಕೆ. ಹತ್ತಿರ ಬೆಳಕು ಹಿಡಿದರೆ ಗೊತ್ತಾಗುತ್ತೆ, ಅವು ಸೀ ಅರ್ಚಿನ್ ಅನ್ನೋ ಮುಳ್ಳುಚೆಂಡಿನಂಥ ಸಮುದ್ರಜೀವಿಯ ಮುಳ್ಳುಗಳು, ಚರ್ಮದೊಳಗೇ ಮುರಿದು ಕೂತಿವೆ. ಬಿಸಿನೀರಿನಲ್ಲಿ ಕಾಲು ನೆನೆಸಿ, ಚಿಮಟ ಹಿಡಿದು, ತುದಿ ಮೇಲೆ ಕಂಡದ್ದನ್ನು ಮಾತ್ರ ಒಂದೊಂದಾಗಿ ಎಳೆಯುತ್ತಿದ್ದೆ. ಹಲ್ಲು ಕಚ್ಚಿಕೊಂಡೇ ಹೇಳಿದಳು: "ಚಿಕ್ಕಮ್ಮ, ಸರ್ಫಿಂಗ್ ನನ್ನಂಥವರಿಗೆ ಆಗಿಬರಲ್ಲ ಬಿಡು."

ಆ ಮಾತಿಗೆ ಬಂದ ಸಿಟ್ಟು ಬೆಳಗಾದರೂ ಇಳಿದಿಲ್ಲ. ಸಿಟ್ಟು ಅವಳ ಮೇಲಲ್ಲ. ಜೀವನದಲ್ಲಿ ಮೊದಲ ಸಲ ಬೋರ್ಡು ಮುಟ್ಟುವ ಹುಡುಗಿಯನ್ನು ಜುಲೈ ತಿಂಗಳಲ್ಲಿ ಬಾಲಿಯ ದಕ್ಷಿಣ ತುದಿಯ ಬುಕಿತ್ ಕಡೆಯ ಹವಳದ ದಿಬ್ಬಕ್ಕೆ ಕರೆದುಕೊಂಡು ಹೋದವರ ಮೇಲೆ. ಪ್ರವಾಸ ಏರ್ಪಡಿಸಿದವರಿಗೆ ಅವಳು ಕೇಳಿದ್ದು ಒಂದೇ ಪ್ರಶ್ನೆಯಂತೆ, "ಸರ್ಫಿಂಗಿಗೆ ಬಾಲಿಯಲ್ಲಿ ಫೇಮಸ್ ಜಾಗ ಯಾವುದು?" ಅವರು ಅದಕ್ಕೆ ಸರಿಯಾಗೇ ಉತ್ತರ ಕೊಟ್ಟಿದ್ದಾರೆ. ಬುಕಿತ್ ಕಡೆಯ ಉಲುವಾಟು ಸುತ್ತಮುತ್ತಲ ಅಲೆಗಳು ಲೋಕಪ್ರಸಿದ್ಧ, ಯಾರೂ ಇಲ್ಲ ಅನ್ನಲ್ಲ. ಆದರೆ ಕೇಳುತ್ತಿರುವವಳು ಯಾರು ಅಂತ ಒಂದು ಕ್ಷಣ ನೋಡಬೇಡವೇ? ಅದೇ ದ್ವೀಪದಲ್ಲಿ, ಕಾರಿನಲ್ಲಿ ಹೊರಟರೆ ಬೆಳಗಿನ ತಿಂಡಿಯ ಹೊತ್ತಿಗೆ ತಲುಪುವಷ್ಟು ದೂರದಲ್ಲಿ ಕುಟಾ ಇದೆ, ಲೆಗಿಯಾನ್ ಇದೆ. ಉದ್ದಕ್ಕೂ ಮರಳು. ಬಿದ್ದರೆ ಮರಳಿನ ಮೇಲೆ ಬೀಳ್ತೀರಿ, ಮೂಗಿಗೆ ಉಪ್ಪುನೀರು ಹೋಗುತ್ತೆ, ಎದ್ದು ನಗ್ತೀರಿ. ಎರಡನೇ ಸಲ ಹತ್ತಬೇಕು ಅನ್ನಿಸುವುದೇ ಆ ನಗುವಿನಿಂದ.

ನನ್ನ ಮೊದಲ ಪ್ರವಾಸದ ಕಥೆ ಇಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದ ಭಾಗ ಇವತ್ತು ಹೇಳ್ತೀನಿ. ನಾನೂ ಹೀಗೇ ಒಂದು ಫೋಟೊ ನೋಡಿ ಜಾಗ ಆರಿಸಿದ್ದೆ. ಎರಡನೇ ದಿನ ಅಲೆ ನನ್ನನ್ನು ತಿರುಗಿಸಿ ಕೆಳಗೆ ಹಾಕಿದಾಗ ಮೊಣಕಾಲು ಕಲ್ಲಿಗೆ ಬಡಿಯಿತು. ಮೊಣಕಾಲು ತಿಂಗಳಲ್ಲಿ ವಾಸಿಯಾಯ್ತು. ಆದರೆ ಮೂರು ವರ್ಷ ಸಮುದ್ರದಲ್ಲಿ ಸೊಂಟಕ್ಕಿಂತ ಆಳಕ್ಕೆ ಹೋಗಲಿಲ್ಲ. ವಯಸ್ಸಾಯ್ತು, ಮೈ ಭಾರ, ನನಗೆ ಧೈರ್ಯ ಕಮ್ಮಿ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ತಪ್ಪು ಅಲೆಯ ಆಯ್ಕೆಯಲ್ಲಿತ್ತು ಅಂತ ಒಬ್ಬರೂ ಹೇಳಲಿಲ್ಲ. ಅದಕ್ಕೇ ನಿನ್ನೆ ಆ ಹುಡುಗಿಯ ಬಾಯಲ್ಲಿ ಅದೇ ಮಾತು ಕೇಳಿ ಹೊಟ್ಟೆ ಉರಿಯಿತು.

ಜಾಗ ಆರಿಸುವಾಗ ಮೊದಲು ಕೇಳಬೇಕಾದ್ದು "ತಳದಲ್ಲಿ ಏನಿದೆ?" ಅಂತ. ದೂರದ ಬಿರುಗಾಳಿಯಲ್ಲಿ ಹುಟ್ಟಿದ ಅಲೆ ಸಾವಿರಾರು ಕಿಲೋಮೀಟರು ಸುಮ್ಮನೆ ಉರುಳಿ ಬರುತ್ತೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಒಡೆಯುತ್ತೆ. ತಳ ನಿಧಾನವಾಗಿ ಏರುತ್ತಾ ಬಂದರೆ ಅಲೆಯ ತುದಿಯಿಂದ ನೊರೆ ಮೆಲ್ಲಗೆ ಜಾರಿಕೊಂಡು, ಉದ್ದಕ್ಕೂ ತಳ್ಳಿಕೊಂಡು ದಡದ ತನಕ ಬರುತ್ತೆ. ಹೊಸಬರಿಗೆ ಬೇಕಾದದ್ದು ಆ ನೊರೆ ನೀರು. ಆಳದ ನೀರಿನಿಂದ ಥಟ್ಟನೆ ಹವಳದ ದಿಬ್ಬ ಎದ್ದಿದ್ದರೆ ಅಲೆ ಗೋಡೆಯ ಹಾಗೆ ನಿಂತು, ಸುರುಳಿ ಸುತ್ತಿ, ಒಂದೇ ಏಟಿಗೆ ಕುಸಿಯುತ್ತೆ. ಫೋಟೊದಲ್ಲಿ ಚಂದ ಕಾಣುವುದು ಈ ಎರಡನೆಯದು. ಪ್ಯಾರಿಸ್ ಒಲಿಂಪಿಕ್ಸಿನ ಸರ್ಫಿಂಗ್ ಸ್ಪರ್ಧೆ 2024ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ತೆಆಹುಪೋದಲ್ಲಿ ನಡೆದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದ್ದು ಅಂಥದ್ದೇ ಅಲೆ. ಅದರ ಕೆಳಗೆ ಹರಿತವಾದ ಹವಳ, ಅದರ ಮೇಲೆ ತೆಳ್ಳಗೆ ನೀರು. ಆ ಚಿತ್ರ ತಲೆಯಲ್ಲಿಟ್ಟುಕೊಂಡು ಮೊದಲ ಪ್ರವಾಸ ಯೋಚಿಸಬೇಡಿ, ಕೈ ಮುಗಿದು ಕೇಳ್ತೀನಿ.

ಇಲ್ಲೊಬ್ಬರು ಕೇಳಿಯೇ ಕೇಳ್ತಾರೆ, ಹವಾಯಿಯ ಓವಾಹು ದ್ವೀಪದಲ್ಲಿರುವ ವೈಕೀಕಿ ಬೀಚಿನ ತಳದಲ್ಲೂ ಹವಳ ಇದೆಯಲ್ಲ, ಅಲ್ಲಿ ಇಷ್ಟು ಜನ ಕಲಿಯೋದಿಲ್ವಾ ಅಂತ. ಕಲೀತಾರೆ, ನಿಜ. ಅಲ್ಲಿನ ದಿಬ್ಬ ದಡದಿಂದ ದೂರಕ್ಕೆ ಹರಡಿಕೊಂಡಿದೆ, ಅಲೆ ಅವಸರವಿಲ್ಲದೆ ಉದ್ದಕ್ಕೆ ಬರುತ್ತೆ, ಕನೂಸ್ ಅನ್ನೋ ಕಡೆ ಅಜ್ಜ ಮೊಮ್ಮಕ್ಕಳು ಒಟ್ಟಿಗೆ ಆಡಬಹುದು. ಅಲ್ಲೂ ಬಿದ್ದಾಗ ಚಪ್ಪಟೆಯಾಗಿ ಬೀಳಬೇಕು, ಕಾಲು ಊರಬಾರದು ಅಂತ ಕಲಿಸುವವರು ಮೊದಲೇ ಹೇಳ್ತಾರೆ. ಒಂದು ವೈಕೀಕಿಯ ಹೆಸರು ಹೇಳಿ ಕಂಡ ಕಂಡ ಹವಳಕ್ಕೆಲ್ಲ ಹೊಸಬರನ್ನು ತಳ್ಳೋದು ನ್ಯಾಯವಲ್ಲ. ಅದೇ ಓವಾಹು ದ್ವೀಪದ ಉತ್ತರ ದಡದಲ್ಲಿ ಪೈಪ್‌ಲೈನ್ ಅನ್ನೋ ಭಯಂಕರ ಅಲೆಯ ಜಾಗ ಇದೆ. ಚಳಿಗಾಲದಲ್ಲಿ ಅಲ್ಲಿ ದಡದ ಮೇಲೆ ನಿಂತು ನೋಡಿದರೂ ಎದೆ ಝಲ್ಲೆನ್ನುತ್ತೆ.

ಅಂದರೆ ದೇಶದ ಹೆಸರು, ದ್ವೀಪದ ಹೆಸರು ಹಿಡಿದರೆ ಸಾಲದು. ತಿಂಗಳೂ ಬೇಕು. ಶ್ರೀಲಂಕಾ ತೆಗೆದುಕೊಳ್ಳಿ. ದಕ್ಷಿಣದ ವೆಲಿಗಾಮ ಅಗಲವಾದ ಕೊಲ್ಲಿ, ಮರಳಿನ ತಳ, ನವೆಂಬರಿನಿಂದ ಏಪ್ರಿಲ್ ತನಕ ಹೊಸಬರ ಸ್ವರ್ಗ. ನೈಋತ್ಯ ಮಾನ್ಸೂನು ಬಂತು ಅಂದರೆ ಅದೇ ಕರಾವಳಿ ಕದಡಿಹೋಗುತ್ತೆ. ಆಗ ಅಲೆ ಬೇಕಾದವರು ಪೂರ್ವಕ್ಕೆ ಆರುಗಮ್ ಬೇ ಕಡೆ ಹೋಗ್ತಾರೆ. ಅಲ್ಲೂ ಮುಖ್ಯ ಪಾಯಿಂಟ್, ಅಂದರೆ ದೊಡ್ಡ ಅಲೆ ಒಡೆಯುವ ಜಾಗ, ಅನುಭವಿಗಳದ್ದು. ಬಾಲಿಯ ಪಶ್ಚಿಮ ದಡಕ್ಕೆ ಏಪ್ರಿಲಿನಿಂದ ಅಕ್ಟೋಬರ್ ತನಕ ದಕ್ಷಿಣ ಹಿಂದೂ ಮಹಾಸಾಗರದ ದೊಡ್ಡ ಅಲೆಗಳು ಬರುತ್ತವೆ. ಆಗ ಕುಟಾದಲ್ಲಿ ಕೂಡ ಕೆಲವು ದಿನ ಹೊಸಬರು ದಡದ ಹತ್ತಿರದ ನೊರೆಯಲ್ಲೇ ಇರಬೇಕು. ನಮ್ಮ ಹುಡುಗಿ ಹೋದದ್ದು ಆ ಋತುವಿನ ನಡುಮಧ್ಯೆ, ಅದೂ ಹವಳಕ್ಕೆ!

ಕೋಸ್ಟಾ ರಿಕಾದ ತಮರಿಂಡೊವನ್ನೂ ಹೊಸಬರಿಗೆ ಧೈರ್ಯವಾಗಿ ಹೇಳ್ತೀನಿ, ಬೆಚ್ಚಗಿನ ನೀರು, ಮರಳು, ಬೇಕಾದಷ್ಟು ಕಲಿಸುವವರು. ಆದರೆ ನದಿ ಸಮುದ್ರ ಸೇರುವ ಬಾಯಿಯಲ್ಲಿ ಮೊಸಳೆಗಳಿವೆ, ಅದನ್ನು ಬೋರ್ಡಿನ ಮೇಲೆ ದಾಟಲು ಹೋಗಬೇಡಿ.

ಮರಳಿದ್ದ ಮಾತ್ರಕ್ಕೆ ಅಪಾಯವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಮರಳುದಿಬ್ಬಗಳ ನಡುವಿನ ಸಂದಿಯಿಂದ ನೀರು ಸಮುದ್ರದ ಕಡೆಗೆ ವಾಪಸು ಹರಿಯುತ್ತೆ, ಅದೇ ರಿಪ್ ಕರೆಂಟ್. ಅಕ್ಕಪಕ್ಕ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಮೋಸ ಹೋಗಬೇಡಿ. ಸಿಕ್ಕಿಬಿದ್ದರೆ ಬೋರ್ಡು ಬಿಡಬೇಡಿ, ಎದುರಿಗೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಲೈಫ್‌ಗಾರ್ಡ್ ಇರುವ ಬೀಚು ಆರಿಸಿ ಅಂತ ನಾನು ಬಾಯಿ ಬಡಿದುಕೊಳ್ಳೋದು ಇದಕ್ಕೇ.

"ಕಷ್ಟದ ಅಲೆಯಲ್ಲಿ ಕಲಿತವರೇ ಗಟ್ಟಿಯಾಗೋದು" ಅನ್ನುವ ವಾದವೂ ನನಗೆ ಗೊತ್ತು. ಹೇಳುವವರು ಸಾಮಾನ್ಯವಾಗಿ ಹತ್ತಾರು ವರ್ಷ ಸಮುದ್ರದ ಪಕ್ಕದಲ್ಲೇ ಬೆಳೆದವರು. ಒಂದು ವಾರ ರಜೆ ಹಾಕಿ ಬಂದವರ ಲೆಕ್ಕ ಬೇರೆ. ವಾರದಲ್ಲಿ ಅವರಿಗೆ ಸಿಗೋದು ಹತ್ತೋ ಹನ್ನೆರಡೋ ಗಂಟೆ ನೀರು. ಅದರಲ್ಲಿ ಮೊದಲ ದಿನವೇ ಕಾಲು ಕೊಯ್ದುಕೊಂಡರೆ ಉಳಿದ ದಿನ ದಡದಲ್ಲಿ ಕೂತು ಬೇರೆಯವರನ್ನು ನೋಡೋದೇ ಆಗುತ್ತೆ. ಹವಳದ ಗಾಯ ಬೇಗ ಕೀವುಗಟ್ಟುತ್ತೆ, ಉಪ್ಪುನೀರು ತಾಗಿದರೆ ಮಾಯುತ್ತೆ ಅಂದುಕೊಂಡು ಮತ್ತೆ ಇಳಿಯೋರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ.

ಇನ್ನೊಂದು. ಕಲಿಸುವವರು 8 ಅಥವಾ 9 ಅಡಿಯ ಮೆತ್ತನೆಯ ಫೋಮ್ ಬೋರ್ಡು ಕೊಡಬೇಕು. ಚಿಕ್ಕ ಗಟ್ಟಿ ಬೋರ್ಡು ಕೈಗಿಟ್ಟರೆ ಬೇಡ ಅಂತ ಹೇಳಿ ಎದ್ದು ಬನ್ನಿ, ಸಂಕೋಚ ಬೇಡ. ನನ್ನ ಅಕ್ಕನ ಮಗಳಿಗೆ ಕೊಟ್ಟದ್ದು ಗಟ್ಟಿ ಬೋರ್ಡಂತೆ.

ಮೂರು ವರ್ಷದ ಮೇಲೆ ನನ್ನನ್ನು ಮತ್ತೆ ನೀರಿಗೆ ಇಳಿಸಿದ್ದು ವೆಲಿಗಾಮ. ಬೆಳಗಿನ ಗಾಳಿ ಇನ್ನೂ ದಡದಿಂದ ಸಮುದ್ರದ ಕಡೆ ಬೀಸುತ್ತಿತ್ತು, ನೀರು ಎಣ್ಣೆ ಸವರಿದಂತೆ ನುಣ್ಣಗಿತ್ತು. ಸೊಂಟದ ಮಟ್ಟದ ನೀರಿನಲ್ಲಿ ನಾನು ನಿಂತೇ ಇದ್ದೆ, ಇಳಿಯಲೋ ಬೇಡವೋ ಅಂತ. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಬೋರ್ಡಿನ ಮೇಲೆ ಬೋರಲು ಮಲಗಿ ನೊರೆ ಬರುವುದನ್ನು ಭುಜದ ಮೇಲಿಂದ ತಿರುಗಿ ನೋಡುತ್ತಿದ್ದರು. ನೊರೆ ಬಂತು, ತಳ್ಳಿತು, ಅವರು ಮೊದಲು ಮಂಡಿಯೂರಿ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಊರಿ ಎದ್ದರು. ನಾಲ್ಕೈದು ಸೆಕೆಂಡು ಇರಬಹುದು. ಬಿದ್ದು ಎದ್ದವರು ಬಾಯಲ್ಲಿದ್ದ ನೀರು ಉಗುಳಿ, ಯಾರನ್ನೂ ನೋಡದೆ, ಬೋರ್ಡು ತಿರುಗಿಸಿಕೊಂಡು ಮತ್ತೆ ಒಳಗೆ ನಡೆದರು. ನಾನೂ ಹಿಂದೆಯೇ ನಡೆದೆ. ಅವತ್ತು ಎಷ್ಟು ಸಲ ಬಿದ್ದೆನೋ ಲೆಕ್ಕ ಇಲ್ಲ, ಮೈಮೇಲೆ ಒಂದು ಗೀರೂ ಇರಲಿಲ್ಲ.

ಇದನ್ನೇ ನಿನ್ನೆ ರಾತ್ರಿ ಆ ಹುಡುಗಿಗೆ ಹೇಳುತ್ತಾ ಕೊನೆಯ ಮುಳ್ಳು ಎಳೆದೆ. ಪೂರ್ತಿ ಬರಲಿಲ್ಲ, ಅರ್ಧ ಒಳಗೇ ಉಳಿಯಿತು, ಇವತ್ತು ಡಾಕ್ಟರ ಹತ್ತಿರ ಹೋಗ್ತಿದ್ದೀವಿ. ಕಾಲು ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಚಿಕ್ಕಮ್ಮ, ಅಲ್ಲಿ ತಳದಲ್ಲಿ ಏನಿದೆ ಅಂದೆ?"

ಮರಳು ಅಂದೆ. ಜನವರಿಗೆ ಇಬ್ಬರಿಗೂ ಟಿಕೆಟ್ ನೋಡ್ತಿದ್ದೀನಿ.