ಪರಂಪರೆಯ ಸಾರು, ಅಳತೆಯೊಂದನ್ನು ಬಿಟ್ಟು

ನಮ್ಮಲ್ಲಿ ಈಗ ಸಾರು ಮಾಡುವುದಕ್ಕಿಂತ ಸಾರಿನ ವಂಶಾವಳಿ ಹೇಳುವುದೇ ದೊಡ್ಡ ಕೆಲಸವಾಗಿದೆ. ಮನೆಯಡುಗೆಯ ಸಾಂಪ್ರದಾಯಿಕ ವಿಧಾನವನ್ನು ವಿಡಿಯೊ ಮಾಡಿ ನಾಲ್ಕು ಜನರಿಗೆ ಹಂಚಲು ಹೊರಟವರು ಮೊದಲು ಮುತ್ತಜ್ಜಿಯನ್ನು, ಆಮೇಲೆ ತೊಟ್ಟಿಮನೆಯನ್ನು, ಅದಾದ ಮೇಲೆ ಆ ಮನೆಯಲ್ಲಿ ದಿನವೂ ಏಳುತ್ತಿದ್ದ ಊಟದ ಪಂಕ್ತಿಗಳನ್ನು ವರ್ಣಿಸಿ, ಕೇಳುವವರ ಹೊಟ್ಟೆ ತಾಳ ಹಾಕತೊಡಗಿದ ಮೇಲೆ ಒಲೆ ಹಚ್ಚುತ್ತಾರೆ. ಹಚ್ಚಿದ ಮೇಲಾದರೂ ಏನನ್ನು ಎಷ್ಟು ಹಾಕಬೇಕೆಂದು ಹೇಳುತ್ತಾರೆಯೇ ಎಂದರೆ, ಅಲ್ಲಿ ಮಾತ್ರ ಅವರಿಗೆ ಅಪಾರವಾದ ಸಂಕೋಚ. ಉಪ್ಪು ರುಚಿಗೆ ತಕ್ಕಷ್ಟು, ಹುಳಿ ಕೈ ಅಂದಾಜಿಗೆ, ಪುಡಿ ಹದ ನೋಡಿಕೊಂಡು. ಮುತ್ತಜ್ಜಿ ಹುಟ್ಟಿದ ಊರು, ಮದುವೆಯಾದ ವಯಸ್ಸು, ಹೆತ್ತ ಮಕ್ಕಳ ಸಂಖ್ಯೆ ನಮಗೆ ಬಾಯಿಪಾಠವಾಗುತ್ತದೆ. ಹುಣಸೆಹಣ್ಣಿನ ಪ್ರಮಾಣ ತಿಳಿಯುವುದಿಲ್ಲ.

ಅಪ್ಪಿತಪ್ಪಿ ಅಳತೆ ಹೇಳಿದರೆ ಅದು ಪಾವಿನಲ್ಲಿರುತ್ತದೆ. ಮೆಟ್ರಿಕ್ ಅಳತೆಯ ಕಾಯಿದೆ ಈ ದೇಶಕ್ಕೆ 1956ರಲ್ಲೇ ಬಂದಿದ್ದರೂ ಪರಂಪರೆಯ ಅಡುಗೆಮನೆಗೆ ಅದರ ಸುದ್ದಿ ಮುಟ್ಟಿಲ್ಲ. ಪಾವು ಎಂದರೆ ಎಷ್ಟು ಎಂದು ಯಾರಾದರೂ ವಿನಯದಿಂದ ಕೇಳಿದರೆ ಅಜ್ಜಿಯ ಕಾಲದ ಹಿತ್ತಾಳೆಯ ಪಾವನ್ನೇ ಹೆಮ್ಮೆಯಿಂದ ತೋರಿಸಲಾಗುತ್ತದೆ. ಅದು ಶೋಕೇಸಿನಲ್ಲಿದೆ, ಅದರ ತುಂಬ ಪೆನ್ನುಗಳಿವೆ.

ಸಾರಿನಪುಡಿಯ ವಿದ್ಯೆ ಇರುವುದು ಹುರಿಯುವುದರಲ್ಲಿ. ಕೊತ್ತಂಬರಿ ಬೀಜ ಘಮ್ಮೆನ್ನುವ ಹೊತ್ತಿಗೆ ಜೊತೆಯಲ್ಲೇ ಹಾಕಿದ ಜೀರಿಗೆ ಸೀದುಹೋಗಿರುತ್ತದೆ. ಮೆಂತ್ಯ ಹೊಂಬಣ್ಣ ದಾಟಿ ಕಂದಿದರೆ ಪುಡಿಯೆಲ್ಲ ಕಹಿಯಾಗುತ್ತದೆ. ಆದ್ದರಿಂದ ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ತಿಳಿದವರಿಂದ ಕಲಿಯಬೇಕಾದದ್ದು ಇಷ್ಟೇ. ಆದರೆ ಸರಿಯಾಗಿ ಈ ಘಳಿಗೆಗೆ ಕ್ಯಾಮೆರಾ ಬಾಣಲೆಯನ್ನು ಬಿಟ್ಟು ಪಕ್ಕದಲ್ಲಿ ಫಳಫಳ ಹೊಳೆಯುವ ಹಿತ್ತಾಳೆಯ ಪಾತ್ರೆಯ ಕಡೆಗೆ ತಿರುಗುತ್ತದೆ. ಹಿನ್ನೆಲೆಯಲ್ಲಿ ಕೊಳಲು ಕೇಳಿಸುತ್ತದೆ. ಕೊಳಲು ನಿಲ್ಲುವಷ್ಟರಲ್ಲಿ ಪುಡಿ ಸಿದ್ಧವಾಗಿ ಡಬ್ಬಿಯಲ್ಲಿ ಕುಳಿತಿರುತ್ತದೆ.

ಆ ಪಾತ್ರೆಯ ವಿಷಯವನ್ನೂ ಹೇಳಿಬಿಡಬೇಕು. ಹಿಂದಿನವರು ಹಿತ್ತಾಳೆಯಲ್ಲಿ ಸಾರು ಕುದಿಸುತ್ತಿದ್ದದ್ದು ನಿಜ; ಕುದಿಸುವ ಮುನ್ನ ಕಲಾಯಿ ಹಾಕಿಸುತ್ತಿದ್ದದ್ದೂ ಅಷ್ಟೇ ನಿಜ. ಕಲಾಯಿಯವನು ಬೀದಿಯ ಮೂಲೆಯಲ್ಲಿ ಗುಂಡಿ ತೋಡಿ, ತಿದಿಯೊತ್ತಿ ಕೆಂಡ ಮಾಡಿ, ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿಯನ್ನು ಒಳಮೈಗೆ ಒತ್ತಿ ಅರಳೆಯಿಂದ ಉಜ್ಜಿದರೆ, ಹಳದಿ ಪಾತ್ರೆಯ ಒಳಗು ಬೆಳ್ಳಿಯಂತಾಗುತ್ತಿತ್ತು. ಆ ತವರದ ಹೊದಿಕೆ ಇಲ್ಲದೆ ಹುಣಸೆ ರಸ ಕುದಿಸಿದರೆ ಹುಳಿಗೆ ತಾಮ್ರ ಬಿಡುತ್ತದೆ, ಸಾರು ಕಿಲುಬಾಗುತ್ತದೆ, ಉಂಡವರ ಹೊಟ್ಟೆ ತೊಳಸುತ್ತದೆ. ಇಂದಿನ ಪರಂಪರೆಯ ಪಾತ್ರೆಗಳು ಒಳಗೂ ಹೊರಗೂ ಒಂದೇ ಸಮನೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿರುತ್ತವೆ. ಇವುಗಳಲ್ಲಿ ಮಾಡಿದ ಸಾರನ್ನು ಚಿತ್ರೀಕರಣ ಮುಗಿದ ಮೇಲೆ ಯಾರು ಉಣ್ಣುತ್ತಾರೆಂಬುದು ನನ್ನ ಬಹುದಿನದ ಚಿಂತೆ.

ವಿಧಾನ ಹೊರಬಿದ್ದ ಕೂಡಲೇ ಶುದ್ಧಿಯ ಪರೀಕ್ಷಕರು ಎದ್ದು ಕೂರುತ್ತಾರೆ. ಬೆಲ್ಲ ಹಾಕಿದ್ದು ಅಪಚಾರವೆಂದು ಒಬ್ಬರು, ಬೆಲ್ಲವಿಲ್ಲದ್ದು ಸಾರೇ ಅಲ್ಲವೆಂದು ಇನ್ನೊಬ್ಬರು. ಈರುಳ್ಳಿ ಬಿತ್ತೆಂದರೆ ಕುಲವೇ ಕೆಟ್ಟಿತು. ತಮ್ಮ ಮನೆತನದ ಸಾರು ಸಾವಿರ ವರ್ಷಗಳಿಂದ ಒಂದು ಹನಿಯೂ ಬದಲಾಗಿಲ್ಲವೆಂದು ಹೇಳುವವರು ಇದೇ ಗುಂಪಿನವರು, ಮತ್ತು ಅವರ ಪಟ್ಟಿಯಲ್ಲಿ ಮೊದಲು ಬರುವುದು ಎರಡು ಟೊಮೇಟೊ, ಆರು ಒಣಮೆಣಸಿನಕಾಯಿ.

ಸಾವಿರ ವರ್ಷದ ಹಿಂದಿನ ಕನ್ನಡದ ಅಡುಗೆಮನೆ ನಮಗೆ ಪೂರ್ತಿ ಅಪರಿಚಿತವೇನಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ 1025ರ ಸುಮಾರಿನದು. ಅದರಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. ಆತನಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ, ಗೊತ್ತಿರುವ ಸಾಧ್ಯತೆಯೂ ಇರಲಿಲ್ಲ, ಏಕೆಂದರೆ ಆ ಗಿಡ ಅಮೆರಿಕ ಖಂಡದ್ದು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಮೇಲೆ, ಪೋರ್ಚುಗೀಸರ ಹಡಗುಗಳ ದಾರಿಯಲ್ಲಿ ಅದು ನಮ್ಮ ಕರಾವಳಿ ಕಂಡಿತು. ಟೊಮೇಟೊ, ಆಲೂಗಡ್ಡೆ, ಗೇರು, ಶೇಂಗಾ ಎಲ್ಲವೂ ಅದೇ ಖಂಡದಿಂದ ಬಂದ ನೆಂಟರು. ಶೇಂಗಾ ಹೋಳಿಗೆಯಿಲ್ಲದ ಸಂಕ್ರಾಂತಿಯನ್ನು ಧಾರವಾಡದ ಕಡೆಯವರ ಮುಂದೆ ಊಹಿಸಿ ನೋಡಿ. ಏಕಾದಶಿಯ ದಿನ ಅಕ್ಕಿಯನ್ನು ಮುಟ್ಟದೆ ಮಡಿಯಿಂದ ಸಬ್ಬಕ್ಕಿ ಉಪ್ಪಿಟ್ಟು ತಿನ್ನುವವರಿಗೆ, ಆ ಸಬ್ಬಕ್ಕಿ ಮರಗೆಣಸಿನ ಪಿಷ್ಟವೆಂದೂ ಮರಗೆಣಸಿನ ತವರು ದಕ್ಷಿಣ ಅಮೆರಿಕವೆಂದೂ ಹೇಳಿ ಉಪವಾಸ ಕೆಡಿಸುವ ಧೈರ್ಯ ನನಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಈ ವಲಸಿಗರಲ್ಲೆಲ್ಲ ಜಾಣ: 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದು, ತಾನು ಇಲ್ಲಿಯದೇ ಎಂದು ಸರ್ಕಾರದಿಂದಲೇ ಬರೆಸಿಕೊಂಡಿದೆ.

ಈರುಳ್ಳಿ ಬೆಳ್ಳುಳ್ಳಿ ಸೋಕದ ಮನೆಗಳ ಒಗ್ಗರಣೆಗೆ ಜೀವ ಕೊಡುವ ಇಂಗಿನ ಕಥೆ ಇನ್ನೂ ಸೊಗಸಾಗಿದೆ. ಅದು ಅಫ್ಘಾನಿಸ್ತಾನ, ಇರಾನ್‌ಗಳ ಕಡೆಯ ಒಂದು ಗಿಡದ ಬೇರಿನಿಂದ ಒಸರುವ ಅಂಟು. ನಮ್ಮ ವಿಜ್ಞಾನಿಗಳು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಆ ಗಿಡ ನೆಟ್ಟು ಬೆಳೆಸಲು ಕೈಹಾಕಿದ್ದು 2020ರಲ್ಲಿ. ಅಲ್ಲಿಯವರೆಗೆ ಮಡಿಯ ಸಾರು ಪರಿಮಳಿಸುತ್ತಿದ್ದದ್ದು ಖೈಬರಿನಾಚೆಯ ವ್ಯಾಪಾರಿಗಳ ದಯೆಯಿಂದ, ಮತ್ತು ಪೇಟೆಯ ಡಬ್ಬಿಯಲ್ಲಿ ಅದಕ್ಕೆ ಬೆರೆಸುವ ಮೈದಾ ಹಾಗೂ ಗೋಂದಿನ ಸಹಕಾರದಿಂದ. ಈರುಳ್ಳಿಯಾದರೂ ಪಾಪ, ನಮ್ಮ ಚಿತ್ರದುರ್ಗದ ಹೊಲದಲ್ಲೇ ಬೆಳೆದದ್ದು.

ಹೊರಗಿನಿಂದ ಬಂದದ್ದನ್ನು ನಮ್ಮದಾಗಿಸಿಕೊಂಡ ಅಜ್ಜಿಯರ ಜಾಣ್ಮೆಯ ಮೇಲೆ ನನ್ನ ತಕರಾರಿಲ್ಲ. ಹೊಸ ಕಾಯಿಯೊಂದು ಸಂತೆಗೆ ಬಂದಾಗ ಅದನ್ನು ಮುಟ್ಟಿ, ಮೂಸಿ, ಹೆಚ್ಚಿ, ಹುಳಿಗೆ ಹಾಕಿ ನೋಡಿದ ಹೆಂಗಸರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅವರ ಮೊಮ್ಮಕ್ಕಳಿಗೆ ಮಾತ್ರ ಸಾರಿಗೊಂದು ಕ್ಯಾರೆಟ್ ಬಿದ್ದರೆ ಸಂಸ್ಕೃತಿ ಮುಳುಗುತ್ತದೆ.

ಹಾಗೆಂದು ಹಳೆಯ ಅಡುಗೆ ಪೂರ್ತಿ ಅಳಿದಿಲ್ಲ. ಅನೇಕ ಮನೆಗಳಲ್ಲಿ ಶ್ರಾದ್ಧದ ದಿನ ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಎಲೆಕೋಸುಗಳನ್ನು ಒಳಗೆ ಸೇರಿಸುವುದಿಲ್ಲ. ಖಾರಕ್ಕೆ ಕರಿಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ. ಚಾವುಂಡರಾಯ ಪಂಕ್ತಿಯಲ್ಲಿ ಬಂದು ಕುಳಿತರೆ ಗುರುತು ಹಿಡಿದು ಉಣ್ಣಬಹುದಾದ ಊಟ ಬಹುಶಃ ಇದೊಂದೇ, ಮತ್ತು ಇದಕ್ಕೆ ಪಿತೃಗಳೇ ಮುಖ್ಯ ಅತಿಥಿಗಳು. ಈ ಅಡುಗೆಯನ್ನು ಕೊಳಲಿನ ಹಿನ್ನೆಲೆಯಲ್ಲಿ ಚಿತ್ರಿಸಿ ಹಂಚಿದ್ದನ್ನು ನಾನಂತೂ ಕಂಡಿಲ್ಲ. ಯಾರಾದರೂ ಹಂಚಿದರೂ, ಟೊಮೇಟೊ ಹಾಕದ ಇದು ಎಂಥ ಸಾಂಪ್ರದಾಯಿಕ ಸಾರು ಸ್ವಾಮಿ ಎಂದು ಕೇಳಲು ಮೊದಲು ಓಡಿ ಬರುವವರು ಶುದ್ಧಿಯ ಪರೀಕ್ಷಕರೇ.