ಗಿಟಾರು ಪುಕ್ಕಟೆ, ಕತೆಗೆ ನಾಲ್ಕೂವರೆ ಲಕ್ಷ

ನಾಲ್ಕೂವರೆ ಲಕ್ಷ. ಒಂದೇ ಮಾತು. ಚೌಕಾಸಿ ಮಾಡುವವರು ಜನತಾ ಬಜಾರಿಗೆ ಹೋಗಿ ಬದನೆಕಾಯಿ ಕೊಳ್ಳಬಹುದು. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ನೇತಾಡುತ್ತಿರುವ ಆರ್ಚ್‌ಟಾಪ್ ಗಿಟಾರಿನ ರೇಟು ಇದು.

ಆರ್ಚ್‌ಟಾಪ್ ಅಂದರೆ ಗೊತ್ತಲ್ವಾ? ಮೇಲಿನ ಹಲಗೆ ಚಪ್ಪಟೆ ಇರೋದಿಲ್ಲ, ಉಬ್ಬಿರುತ್ತದೆ. ದುಂಡು ತೂತಿನ ಬದಲು ವಯೊಲಿನ್ನಿಗಿರುವ ಹಾಗೆ ಎರಡು ಎಫ್ ಆಕಾರದ ಸೀಳು. ಅಮೆರಿಕದ ಆರ್ವಿಲ್ ಗಿಬ್ಸನ್ ಹೀಗೆ ಕೆತ್ತಿದ ಮ್ಯಾಂಡೊಲಿನ್ನಿಗೆ 1898ರಲ್ಲಿ ಪೇಟೆಂಟ್ ತಗೊಂಡ. ಅವನ ಹೆಸರಿನ ಕಂಪನಿ 1922ರಲ್ಲಿ ಎಲ್-5 ಎಂಬ ಗಿಟಾರು ತಂದ ಮೇಲೆ ಎಫ್ ಸೀಳಿಗೆ ಮರ್ಯಾದೆ ಬಂತು. ಇಷ್ಟು ಇತಿಹಾಸ ಸಾಕು. ಅಂಗಡಿಯಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತದೆ, ಪುಕ್ಕಟೆಯಾಗಿ.

"ಎಷ್ಟು ಹಳೇದ್ರಿ ಇದು?"

"ಎಪ್ಪತ್ತು ವರ್ಷ ಅಂತ ಹಿಡ್ಕೊಳ್ರಿ."

ಎಲ್ಲರೂ ಹಿಡ್ಕೊಂಡರು. ಹಿಡ್ಕೊಳ್ಳೋಕೆ ದುಡ್ಡು ಬೇಕಾಗಿಲ್ಲ ನೋಡಿ. ಸರ್ಕಾರದ 1972ರ ಕಾಯ್ದೆ ಪ್ರಕಾರ ಇಂಥ ವಸ್ತು ಪುರಾತನ ಅನಿಸಿಕೊಳ್ಳಲು ನೂರು ವರ್ಷ ದಾಟಬೇಕು. ನಮ್ಮೂರಲ್ಲಿ ಧೂಳು ಒರೆಸದೆ ಬಿಟ್ಟರೆ ಸಾಕು.

ಆಮೇಲೆ ವಂಶಾವಳಿ ಶುರು. ಧಾರವಾಡದ ಒಬ್ಬ ದೊಡ್ಡ ಗವಾಯಿಗಳು ಇದನ್ನು ಮುಟ್ಟಿದ್ದರಂತೆ. ಯಾರು? ಹೆಸರು ಹೇಳಬಾರದಂತೆ. ಮನ್ಸೂರರ ಊರು, ಗಂಗೂಬಾಯಿಯವರ ಊರು ಅಂದಮೇಲೆ ಏನನ್ನೇ ಮಾರಲಿ, ಒಂದು ಘರಾಣೆ ಅಂಟಿಸಲೇಬೇಕು. ಅಲ್ಲೇ ನಿಂತಿದ್ದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಸಾಹೇಬರು ದನಿಗೂಡಿಸಿದರು. ಹಿಂದುಸ್ತಾನಿಗೆ ಗಿಟಾರು ತಂದ ಬ್ರಿಜ್‌ಭೂಷಣ್ ಕಾಬ್ರಾ ನುಡಿಸಿದ್ದು ಆರ್ಚ್‌ಟಾಪೇ, ವಿಶ್ವಮೋಹನ ಭಟ್ಟರ ಮೋಹನ ವೀಣೆಯ ಮೂಲವೂ ಆರ್ಚ್‌ಟಾಪೇ. ಎರಡೂ ನಿಜ. ಆದರೆ ಕಾಬ್ರಾ ನುಡಿಸಿದ್ದು ಅವರ ಗಿಟಾರನ್ನು. ಗೋಡೆಗೆ ನೇತುಹಾಕಿದ ಇದಕ್ಕೂ ಅವರಿಗೂ ಏನು ಸಂಬಂಧ? ಅಂದಹಾಗೆ ಅವರದು ಗಿಬ್ಸನ್ ಸೂಪರ್ 400. 1934ರಲ್ಲಿ ಬಂದಾಗ ಅದರ ಬೆಲೆ 400 ಡಾಲರ್, ಅದಕ್ಕೇ ಆ ಹೆಸರು. ಎಂಥ ಪ್ರಾಮಾಣಿಕ ಗಿಟಾರು! ನಮ್ಮ ಅಂಗಡಿಯದಕ್ಕೆ ಹಾಗೆ ಹೆಸರಿಡಲು ಹೋದರೆ ಗಿರಾಕಿಯ ಅಂಗಿ ನೋಡಿ ದಿನಕ್ಕೊಂದು ನಾಮಕರಣ ಮಾಡಬೇಕಾಗುತ್ತದೆ.

ನಾಲ್ಕೂವರೆ ಲಕ್ಷದ ಲೆಕ್ಕ ಎಲ್ಲಿಂದ ಬಂತು? ಮಾಲಕರ ಅಳಿಯ ಬೆಂಗಳೂರಲ್ಲಿದ್ದಾನೆ. ಅಮೆರಿಕದಲ್ಲಿ ಯಾರೋ ಇಂಥದ್ದೇ ಗಿಟಾರಿಗೆ ಇಷ್ಟು ಡಾಲರ್ ಕೇಳಿದ್ದನ್ನು ನೆಟ್‌ನಲ್ಲಿ ನೋಡಿ ಗುಣಾಕಾರ ಮಾಡಿ ಕಳಿಸಿದ. ಅಲ್ಲಿ ಕೇಳಿದವನದೂ ಇನ್ನೂ ಮಾರಾಟ ಆಗಿಲ್ಲ. ಕೇಳಿದ ರೇಟು ಬೇರೆ, ಗಿಟಾರು ಕೈಬದಲಾದ ರೇಟು ಬೇರೆ ಅಂತ ಹೇಳಿದರೆ ಯಾರಿಗೂ ರುಚಿಸೋದಿಲ್ಲ. ಪಕ್ಕದ ಸೈಟಿಗೆ ಯಾರೋ ಬಾಯಿಗೆ ಬಂದದ್ದು ಹೇಳಿದರೆ ಅದೇ ನಮ್ಮ ಸೈಟಿನ ಬೆಲೆ ಅಂತ ನಿದ್ದೆ ಮಾಡುವ ಊರು ಇದು.

ಗುಂಪಿನಲ್ಲಿ ಮದುವೆ ಆರ್ಕೆಸ್ಟ್ರಾದ ಒಬ್ಬ ಹುಡುಗ ಇದ್ದ. ಗಿಟಾರನ್ನೇ ನೋಡಿದವನು ಅವನೊಬ್ಬನೇ. ಬಂದೂಕು ಗುರಿಯಿಟ್ಟಂತೆ ಒಂದು ಕಣ್ಣು ಮುಚ್ಚಿ ನೆಕ್, ಅಂದರೆ ಗಿಟಾರಿನ ಕುತ್ತಿಗೆ, ಅದರ ಉದ್ದಕ್ಕೂ ದಿಟ್ಟಿಸಿದ. "ನೆಕ್ ಬಾಗೇತ್ರಿ" ಅಂದ. ಮೊಬೈಲ್ ಟಾರ್ಚ್ ಹಾಕಿ ಎಫ್ ಸೀಳಿನ ಅಂಚು ತೋರಿಸಿದ. ಇಡೀ ಮರ ಕೆತ್ತಿದ್ದರೆ ಮೇಲಿನ ಎಳೆಗಳೇ ಅಂಚಿನಲ್ಲೂ ಕೆಳಗಿಳಿಯಬೇಕು. ಇಲ್ಲಿ ಪದರ ಪದರ. ಪ್ಲೈವುಡ್ ಒತ್ತಿ ಉಬ್ಬಿಸಿದ್ದು. ಅದೇನು ಪಾಪವಲ್ಲ, ಗಿಬ್ಸನ್ನಿನ 1949ರ ಇಎಸ್-175 ಕೂಡ ಹಾಗೇ ಆಗಿದ್ದು. ಆದರೆ ಕೆತ್ತನೆಯ ರೇಟನ್ನು ಪ್ಲೈವುಡ್ಡಿಗೆ ಕೇಳಬಾರದು ನೋಡಿ. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಕೆಳಗೆ ಹಲಗೆ ತಗ್ಗಿತ್ತು. ತಂತಿ ಬಿಗಿಯುವ ಕೀಗಳು ಬದಲಾಗಿದ್ದವು. ಹಳೆ ಪಾಲಿಶ್ ಕೆರೆದು ಹೊಸದು ಬಳಿಸಿದ್ದರು. ಇಷ್ಟಕ್ಕೇ ಹಳೆ ಗಿಟಾರು ಕೊಳ್ಳುವವರು ಅರ್ಧ ಬೆಲೆ ಇಳಿಸುತ್ತಾರೆ.

"ನಾನ ಹೊಡಿಸೇನ್ರಿ, ಎರಡು ಕೋಟ್!" ಅಂದರು ಮಾಲಕರು, ಹೆಮ್ಮೆಯಿಂದ.

ಆಮೇಲೆ ನಡೆದದ್ದು ಕೇಳಿ. ಆರ್ಚ್‌ಟಾಪಿನ ಬ್ರಿಡ್ಜನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಯಾರೋ ಧೂಳು ಹೊಡೆಯುವಾಗ ಅದು ಎರಡು ಬೆರಳು ಸರಿದಿದೆ. ಹಾಗಾಗಿ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಮೇಲಿನವುಗಳ ಒಂದು ಸ್ವರವೂ ಜಾಗದಲ್ಲಿಲ್ಲ. ಅದನ್ನೇ ಮೀಟಿ ಮೀಟಿ ಇಷ್ಟೊತ್ತು ಎಲ್ಲರೂ "ಆಹಾ, ಹಳೇ ಮಾಲಿನ ಸೌಂಡ ಬ್ಯಾರೆ" ಅನ್ನುತ್ತಿದ್ದರು! ತಂಬೂರಿಯ ಖರ್ಜದ ತಂತಿ ಕೂದಲೆಳೆ ಇಳಿದರೆ ಮುಖ ಕಿವುಚುವ ಜನ. ಬೋರ್ಡಿನಲ್ಲಿ ವಿಂಟೇಜ್ ಅಂತ ಬರೆದಿದ್ದರೆ ಬೇಸೂರನ್ನೂ ತಲೆದೂಗಿ ಕೇಳುತ್ತಾರೆ.

ಹುಡುಗ ತಂತಿ ಸಡಿಲಿಸಿ ಬ್ರಿಡ್ಜನ್ನು ಮೆಲ್ಲಗೆ ಜರುಗಿಸಿದ. ಹನ್ನೆರಡನೇ ಫ್ರೆಟ್ಟಿನ ಸ್ವರ ಬೆರಳಿಡದೆ ಮೀಟಿದ ತಂತಿಯ ತಾರ ಷಡ್ಜಕ್ಕೆ ಸರಿಯಾಗಿ ಕೂಡಬೇಕು, ಅಷ್ಟೇ ಲೆಕ್ಕ. ಮಾಲಕರು ಹೌಹಾರಿದರು. "ಏ ತಮ್ಮಾ, ಒರಿಜಿನಲ್ ಪೊಜಿಷನ್ ಬದಲ್ ಮಾಡಬ್ಯಾಡೋ, ರೇಟ್ ಬೀಳತೈತಿ!"

"ಫ್ರೆಟ್ ಹೊಸಾವು ಹಾಕಿಸಿ ಕೊಟ್ರ ಐವತ್ತು ಸಾವಿರಕ್ಕ ಅಡ್ಡಿಯಿಲ್ರಿ" ಅಂದ ಹುಡುಗ. ಇಡೀ ಅಂಗಡಿ ಅವನ ಮೇಲೆ ಬಿತ್ತು. ಪರಂಪರೆಗೆ ಅವಮಾನ, ಇಂದಿನ ಹುಡುಗರಿಗೆ ಏನು ಗೊತ್ತು, ಇತ್ಯಾದಿ. ಅವನಿಗೆ ಸಂಜೆ ಕುಂದಗೋಳದಲ್ಲಿ ಪ್ರೋಗ್ರಾಂ ಇತ್ತು, ಹೋದ.

ಮ್ಯಾನೇಜರ್ ಸಾಹೇಬರು ಮಾತ್ರ ಕದಲಲಿಲ್ಲ. ಮೂಲೆಯಲ್ಲಿದ್ದ ಮಿರಜದ ತಂಬೂರಿಯನ್ನು ಎತ್ತಿ ನೋಡಿದರು. ಮಿರಜದ ತಂಬೂರಿ ಅಂದರೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸಿಗುವ ಸರ್ಕಾರದ ಗುರುತು, ಪಡೆದ ಕೆಲಸಗಾರಿಕೆ. ಮಗಳ ಮಗಳು ಹಾಡು ಕಲೀತಾಳಂತೆ. ಮಾಲಕರು ಹದಿನೈದು ಸಾವಿರ ಅಂದರು. ನಾಲ್ಕೂವರೆ ಲಕ್ಷಕ್ಕೆ ತಲೆದೂಗಿದ ಸಾಹೇಬರು ತಂಬೂರಿಯನ್ನು ದಡಕ್ಕನೆ ಕೆಳಗಿಟ್ಟರು.

"ಏನ್ರಿ, ಒಣಾ ಕುಂಬಳಕಾಯಿಗೆ ಹದಿನೈದು ಸಾವಿರಾ? ಐದಕ್ಕ ಕೊಡೂ ಹಂಗಿದ್ರ ಮಾತಾಡ್ರಿ."