‘ಅವರವರ ಜನಕ್ಕೇ’ ಅನ್ನೋದು ಪೂರ್ತಿ ಸರಿಯಲ್ಲ

ಅಮೆರಿಕದ ಬಾಲ್ಟಿಮೋರ್‌ನ ವೈನ್‌ಬರ್ಗ್ ಫೌಂಡೇಶನ್ ಎಂಬ ಖಾಸಗಿ ದತ್ತಿಸಂಸ್ಥೆ ಊರಿನ ಯೆಹೂದಿ ಸಂಸ್ಥೆಗಳಿಗೆ ಕೊಡುವ ದುಡ್ಡು ‘ಅವರವರ ಜನಕ್ಕೇ ಸೇರುತ್ತದೆ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆ ದುಡ್ಡಿನಲ್ಲಿ ಎದ್ದ ವೃದ್ಧರ ಮನೆಗಳನ್ನೊಮ್ಮೆ ನೋಡಿ ಬನ್ನಿ ಸ್ವಾಮಿ. ಅಮೆರಿಕದ ಕೇಂದ್ರ ಸರ್ಕಾರದ ಬಾಡಿಗೆ ಸಹಾಯಧನ ಪಡೆಯುವ ಕಟ್ಟಡದಲ್ಲಿ ಧರ್ಮ ನೋಡಿ ಮನೆ ಕೊಡುವಂತಿಲ್ಲ, ಅದು ಅಲ್ಲಿನ ಕಾನೂನು. ಬಾಲ್ಟಿಮೋರ್‌ನ ಪಾರ್ಕ್ ಹೈಟ್ಸ್ ಬಡಾವಣೆ ಕಡೆ ಹೋದಾಗ ನಾನೇ ಕಂಡಿದ್ದೇನೆ: ಬಾಗಿಲ ಮುಂದಿನ ಬೆಂಚಿನಲ್ಲಿ ರಷ್ಯನ್ ಮಾತಾಡುವ ಅಜ್ಜಿಯರು, ಪಕ್ಕದಲ್ಲೇ ವಾಕರ್ ಹಿಡಿದು ಕೂತ ಕಪ್ಪು ಜನಾಂಗದ ಅಜ್ಜ. ಅಡ್ರೆಸ್ ಯೆಹೂದಿ ಸಂಸ್ಥೆಯದು, ಅಷ್ಟೆ.

ಹಾಗಂತ ‘ಮಹಾ ಔದಾರ್ಯ’ ಎಂದು ಆ ಫೌಂಡೇಶನ್ನನ್ನು ಹೊಗಳಿದ ಓದುಗರ ಮಾತೂ ಜಾಸ್ತಿಯಾಯ್ತು. ಅಮೆರಿಕದ 1969ರ ತೆರಿಗೆ ಸುಧಾರಣೆಯ ನಂತರ ಇಂಥ ಖಾಸಗಿ ಫೌಂಡೇಶನ್‌ಗಳು ಆಸ್ತಿಯ ಇಂತಿಷ್ಟು ಪಾಲು, ಈಗ ವರ್ಷಕ್ಕೆ ಸುಮಾರು 5%, ಹಂಚಲೇಬೇಕು. ತೆರಿಗೆ ವಿನಾಯಿತಿಯೂ ಉಂಟಲ್ಲ! ಹಂಚಿದ್ದೇ ದೊಡ್ಡ ಸುದ್ದಿಯಲ್ಲ. ಯಾವ ಬೀದಿಗೆ, ಯಾವ ಸಂಸ್ಥೆಗೆ ಎಂದು ತೀರ್ಮಾನಿಸುವವರು ಬೆರಳೆಣಿಕೆಯ ಟ್ರಸ್ಟಿಗಳು. ಆ ಮೇಜಿನ ಸುತ್ತ ಪಾರ್ಕ್ ಹೈಟ್ಸ್‌ನ ಬಾಡಿಗೆದಾರರು ಯಾರಾದರೂ ಕೂರುತ್ತಾರಾ? ಲೇಖನ ಕೇಳಬೇಕಿದ್ದದ್ದು ಇದನ್ನು.